ಗೆದ್ದಲು ತಿನ್ನದ ನೋಟುಬುಕ್ಕು

ನಾನು ಹಿಂದಿ ಕಲಿತದ್ದು ಶಾಲೆಯಲ್ಲಲ್ಲ, ಟೀವಿಯಲ್ಲಿ. ಈಗ ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಅದೇ ಹಿಂದಿಯನ್ನು ಮಕ್ಕಳಿಗೆ ಹೇಳಿಕೊಡುತ್ತೇನೆ. ನನಗೆ ಹಿಂದಿ ಕಲಿಸಿದ ಧಾರಾವಾಹಿ ಪರದೇಶದ್ದು, ಡಬ್ ಆಗಿ ಭಾನುವಾರ ಬೆಳಗ್ಗೆ ಬರುತ್ತಿತ್ತು. ನಕ್ಷತ್ರದಿಂದ ನಕ್ಷತ್ರಕ್ಕೆ ಅಂಚೆ ಒಯ್ಯುವ ಒಂದು ಹಳೇ ಹಡಗು, ಅದರಲ್ಲಿ ಏಳು ಜನ. ವಾರಕ್ಕೊಂದು ಗ್ರಹ, ವಾರಕ್ಕೊಂದು ಕಾಗದ. ಆ ಕಾಗದ ತಲುಪಿಸುವಷ್ಟರಲ್ಲಿ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಾವು ಟಪಾಲು ನೌಕೆ ಅನ್ನುತ್ತಿದ್ದೆವು.

ನಾವು ಅಂದರೆ ನಾನು ಮತ್ತು ನನ್ನ ಗೆಳತಿ. ನಮ್ಮ ಮನೆ ಬೆಳಂಬಾರದಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಸಾಲಿನಲ್ಲಿ. ಅಪ್ಪ ದೋಣಿಗೆ ಹೋಗುತ್ತಿದ್ದ, ಆಯಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಗೆಳತಿಯ ಅಪ್ಪ ಸರ್ಕಾರಿ ಆಫೀಸಿನ ಗುಮಾಸ್ತರು, ಅಂಕೋಲೆಯಲ್ಲೇ ಬಾಡಿಗೆ ಮನೆ. ಟೀವಿ ಇದ್ದದ್ದು ಅವರ ಮನೆಯಲ್ಲಿ. ಏಳನೇ ಇಯತ್ತೆಯಿಂದ ನಾವಿಬ್ಬರೂ ಒಂದೇ ಬೆಂಚು.

ಭಾನುವಾರ ಆಯಿಯ ಜೊತೆ ಬೆಳಗಿನ ಬಸ್ಸಿಗೆ ಅಂಕೋಲೆಗೆ ಬರುತ್ತಿದ್ದೆ. ಬುಟ್ಟಿ ಇಳಿಸಿಕೊಟ್ಟು, ಅವಳು ಕೂರುವ ಜಾಗಕ್ಕೆ ನೀರು ಹೊಡೆದು, ಬಂಗಡೆ ತಾರ್ಲೆ ಬೇರೆ ಬೇರೆ ಗುಡ್ಡೆ ಮಾಡಿಕೊಟ್ಟು, ನಳದಲ್ಲಿ ಕೈ ಮೂರು ಸಲ ತೊಳೆದು ಗೆಳತಿಯ ಮನೆಗೆ ಓಡುತ್ತಿದ್ದೆ. ಅವರ ಮನೆಯಲ್ಲಿ ನನ್ನನ್ನು ಯಾರೂ ದೂರ ಕೂರಿಸಲಿಲ್ಲ. ನಾನೇ ಬಾಗಿಲ ಹತ್ತಿರ, ಗಾಳಿ ಹೊರಗೆ ಹೋಗುವ ಕಡೆ ಕೂರುತ್ತಿದ್ದೆ. ಅವಳ ಅಮ್ಮ ಒಮ್ಮೆ, "ಒಳಗೆ ಬಾರೇ, ಅಲ್ಲಿಂದ ಎಂತ ಕಾಣ್ತದೆ?" ಅಂದರು. "ಇಲ್ಲಿಂದ ಚೆಲೋ ಕಾಣ್ತದೆ" ಎಂದೆ.

ಆಗ ಬಬಲ್ ಗಮ್ ಪೊಟ್ಟಣದಲ್ಲಿ ಟಪಾಲು ನೌಕೆಯ ಚಿತ್ರದ ಕಾರ್ಡುಗಳು ಬರುತ್ತಿದ್ದವು. ಅವಳ ಹತ್ತಿರ ಎರಡು ಪೂರ್ತಿ ಸೆಟ್ಟು ಇದ್ದವು, ನನ್ನ ಹತ್ತಿರ ಹನ್ನೊಂದೇ ಕಾರ್ಡು. ಅದರಲ್ಲಿ ನಾಲ್ಕು ಅವಳೇ ಕೊಟ್ಟವು. ಹಾಗಂತ ಅವಳು ಜಂಬ ಮಾಡಿದವಳಲ್ಲ.

ಎಂಟನೇ ಇಯತ್ತೆಯ ನಡುವೆ ಒಂದು ಭಾನುವಾರ ಟಪಾಲು ನೌಕೆ ಬರಲಿಲ್ಲ. ಅದರ ಬದಲು ಯಾವುದೋ ಕುಸ್ತಿ ಬಂತು. ಮುಂದಿನ ವಾರವೂ ಕುಸ್ತಿಯೇ. ಹಡಗು ಒಂದು ಕತ್ತಲ ಗ್ರಹದ ಹಿಂದೆ ಸಿಕ್ಕಿಕೊಂಡಿದ್ದಾಗ ನಿಂತುಹೋದ ಕತೆ ಅದು. ಏಳು ಜನ ಬದುಕಿದರೋ ಸತ್ತರೋ ಹೇಳುವವರೇ ಇರಲಿಲ್ಲ. ಗೆಳತಿ ಅತ್ತಳು. ನಾನು ಅಳಲಿಲ್ಲ. ಮನೆಗೆ ಹೋಗಿ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಮುಂದಿನ ಕಂತು ಬರೆದೆ.

ಹಾಗೆ ಎರಡು ವರ್ಷದಲ್ಲಿ ಮೂವತ್ತೊಂದು ಕತೆ ಬರೆದೆ. ಸೋಮವಾರ ಶಾಲೆಯ ಹಿಂದಿನ ಗೇರುಮರದ ಕೆಳಗೆ ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ಸ್ಕೆಚ್ ಪೆನ್ನಿನಲ್ಲಿ ಕೆಲವು ಚಿತ್ರ ಬಿಡಿಸಿದಳು. ಹಡಗಿನಲ್ಲಿ ಎಂಟನೆಯವಳೊಬ್ಬಳನ್ನು ನಾನೇ ಹುಟ್ಟಿಸಿದೆ. ಅವಳು ನಮ್ಮ ಕಡೆಯ ಮೀನುಗಾರ್ತಿ. ನಕ್ಷತ್ರಗಳ ನಡುವೆಯೂ ಗಾಳಿ ಬೀಸುತ್ತದೆ, ಅದು ಯಂತ್ರಕ್ಕೆ ತಿಳಿಯುವುದಿಲ್ಲ, ಅವಳಿಗೆ ತಿಳಿಯುತ್ತದೆ. ಬಡಗಣ ಗಾಳಿ ಎದ್ದರೆ ಹಡಗು ಯಾವ ಕಡೆ ತಿರುಗಿಸಬೇಕು ಅಂತ ಅವಳು ಕ್ಯಾಪ್ಟನ್ನಿಗೆ ಹೇಳುತ್ತಾಳೆ. ಅವಳ ಮಾತು, ಅವಳು ಸೊಂಟದ ಮೇಲೆ ಕೈ ಇಡುವ ರೀತಿ, ಎಲ್ಲ ನಮ್ಮ ಆಯಿಯದು. ಆಯಿಗೆ ಓದಲು ಬರುವುದಿಲ್ಲ. ನಿನ್ನ ಬಗ್ಗೆ ಒಂದು ಕತೆ ಬರೆದಿದ್ದೇನೆ ಎಂದು ಹೇಳಿದ್ದೆ, ಓದಿ ಹೇಳಿರಲಿಲ್ಲ. ನನ್ನ ನೆನಪಿನಲ್ಲಿ ಆ ಕತೆಗಳು ಇದ್ದದ್ದು ಹೀಗೆ.

ನೋಟುಬುಕ್ಕನ್ನು ನಾನೇ ಗೆಳತಿಯ ಮನೆಯಲ್ಲಿಟ್ಟೆ. ನಮ್ಮ ಮನೆಯ ಮಾಡು ಸೋರುತ್ತಿತ್ತು. ಅವರ ಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟಿತ್ತು. ಹತ್ತನೇ ಇಯತ್ತೆ ಮುಗಿಯುವಾಗ ಅವಳ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನೋಟುಬುಕ್ಕು ಅವರ ಜೊತೆ ಹೋಯಿತು. ಒಂದು ವರ್ಷದ ಮೇಲೆ ಕಾಗದ ಬರೆದು ಕೇಳಿದೆ. ಅವಳ ಉತ್ತರ ಬಂತು. "ಗೆದ್ದಲು ಹಿಡಿದು ಪುಸ್ತಕ ಪೂರಾ ಹಾಳಾಯ್ತು. ಅಮ್ಮ ನೋಡದೇ ಒಲೆಗೆ ಹಾಕಿದಳು. ನಾನು ಎರಡು ದಿನ ಊಟ ಮಾಡಲಿಲ್ಲ."

ಪಾಪ ಅನ್ನಿಸಿತು. ಹೋದರೆ ಹೋಗಲಿ, ಇನ್ನೊಂದು ಬರೆದರಾಯಿತು, ನೀನು ಊಟ ಬಿಡಬೇಡ ಎಂದು ನಾನೇ ಅವಳಿಗೆ ಸಮಾಧಾನದ ಕಾಗದ ಬರೆದೆ. ಇನ್ನೊಂದು ಬರೆಯಲಿಲ್ಲ. ಕಾಲೇಜು, ಬಿ.ಎಡ್., ನೌಕರಿ, ಮದುವೆ. ಕತೆ ಬರೆಯುವ ಕೈ ಅಲ್ಲಿಗೇ ನಿಂತಿತು.

ಟಪಾಲು ನೌಕೆ ಮಾತ್ರ ನಿಂತಿರಲಿಲ್ಲ. ನಮ್ಮಲ್ಲಿ ಕುಸ್ತಿ ಹಾಕಿದರೂ ಅದರ ದೇಶದಲ್ಲಿ ಅದು ಮುಂದುವರಿದಿತ್ತು, ಸಿನಿಮಾಗಳೂ ಬಂದಿದ್ದವು. ಮೊಬೈಲ್ ಬಂದ ಮೇಲೆ ಒಂದೊಂದಾಗಿ ಎಲ್ಲ ಸಿಕ್ಕಿತು. ಈಗ ಹೊಸ ಪೀಳಿಗೆಯ ಸಿಬ್ಬಂದಿಯ ಕತೆ ಬರುತ್ತಿದೆ, ಕನ್ನಡದಲ್ಲೇ ನೋಡಬಹುದು. ಮೊದಲ ಕಂತು ನೋಡಿದ ದಿನ ನನಗೆ ಗೆಳತಿಯ ನೆನಪು ಬಂದು ತಡೆಯಲಾಗಲಿಲ್ಲ. ಹುಡುಕಿದೆ. ಅವಳು ಸಿಕ್ಕಿದಳು. ಕಾರವಾರದ ಹತ್ತಿರ, ನದಿಯಾಚೆಯ ಚಿತ್ತಾಕುಲದಲ್ಲೇ ಇದ್ದಳು. ಗಂಡನ ಕೆಲಸದ ಸಲುವಾಗಿ ಬಂದು ವರ್ಷವಾಗಿತ್ತು. ಅಷ್ಟು ಹತ್ತಿರ ಬಂದೂ ನನ್ನನ್ನು ಯಾಕೆ ಹುಡುಕಲಿಲ್ಲ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಅವಳು ಟಪಾಲು ನೌಕೆಯ ಅಭಿಮಾನಿಗಳ ನಡುವೆ ಹೆಸರು ಮಾಡಿದ್ದಳು. ಹಳೇ ಕಂತುಗಳ ಬಗ್ಗೆ ವಿಡಿಯೋ ಮಾಡುತ್ತಿದ್ದಳು, ಹಳೇ ಆಟಿಕೆ, ಬಿಲ್ಲೆ, ಕಾರ್ಡು, ಪೋಸ್ಟರು ಕೂಡಿಹಾಕಿದ್ದಳು. ನಾವಿಬ್ಬರೂ ದಿನಾ ಮಾತಾಡತೊಡಗಿದೆವು. ಹೊಸ ಕಂತು ಬಂದ ಸಂಜೆ ಫೋನ್ ಹಿಡಿದುಕೊಂಡು ಒಟ್ಟಿಗೇ ನೋಡುತ್ತಿದ್ದೆವು. ಎರಡು ಮಕ್ಕಳ ತಾಯಂದಿರು, ಕನ್ನಡಕದವರು, ಒಬ್ಬರಿಗೊಬ್ಬರು ಕಿರುಚಿಕೊಳ್ಳುತ್ತ. ಆ ಏಳೆಂಟು ತಿಂಗಳು ನನ್ನ ಪ್ರಾಯ ಇಳಿದುಹೋಗಿತ್ತು. ಒಮ್ಮೆ ನಾನು, "ಆ ನೋಟುಬುಕ್ಕು ಈಗ ಇದ್ದಿದ್ರೆ ಅಲ್ದಾ" ಅಂದೆ. ಅವಳು, "ಹೌದು ನೋಡು" ಅಂದು ಬೇರೆ ಮಾತು ತೆಗೆದಳು.

ಕಾರವಾರದಲ್ಲಿ ಅಭಿಮಾನಿಗಳ ಕೂಟ ನಡೆಯುತ್ತದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಬಂತು. ಗೋವಾದಿಂದ, ಹುಬ್ಬಳ್ಳಿ ಬೆಳಗಾವಿಯಿಂದ ಜನ ಬರುವವರಿದ್ದರು. ನಾನೂ ಬರುತ್ತೇನೆ ಎಂದೆ. "ಬ್ಯಾಡ ಬಿಡೆ" ಎಂದಳು ಗೆಳತಿ. "ಬರೀ ಸಣ್ಣ ಹುಡುಗ್ರ ಗದ್ದಲ. ನಿಂಗೆ ಬೇಜಾರಾಗ್ತದೆ. ನಾವಿಬ್ರೂ ಬೇರೆ ದಿನ ಸಿಗ್ವ."

ಆಯ್ತು ಎಂದೆ. ಆದರೆ ಆ ಭಾನುವಾರವೇ ಆಯಿಯನ್ನು ಹಣಕೋಣದ ಚಿಕ್ಕಿಯ ಮನೆಗೆ ಕರೆದುಕೊಂಡು ಹೋಗುವುದಿತ್ತು. ಕಾರವಾರದಲ್ಲಿ ಬಸ್ಸು ಬದಲಿಸಬೇಕು. ಸಭಾಂಗಣ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಒಂದು ಗಳಿಗೆ ಹೋಗಿ ಅವಳನ್ನು ಬೆಚ್ಚಿಬೀಳಿಸೋಣ ಎಂದು ನನಗೇ ನಗು ಬಂತು. ನನ್ನ ಹನ್ನೊಂದು ಕಾರ್ಡುಗಳನ್ನು ಕೈಚೀಲದಲ್ಲಿ ಹಾಕಿಕೊಂಡೆ.

ಸಭಾಂಗಣದಲ್ಲಿ ಇನ್ನೂರು ಜನರಾದರೂ ಇದ್ದರು. ಹಡಗಿನ ಸಿಬ್ಬಂದಿಯ ನೀಲಿ ಅಂಗಿ ಹೊಲಿಸಿಕೊಂಡು ಬಂದ ನಡುವಯಸ್ಸಿನ ಗಂಡಸರು, ಅವರ ಹೊಟ್ಟೆಯ ಹತ್ತಿರ ಗುಂಡಿಗಳು ಬಿಗಿದು ನಿಂತಿದ್ದವು. ಗೋಡೆಯುದ್ದಕ್ಕೂ ಮೇಜಿನ ಮೇಲೆ ಹಳೇ ಸಾಮಾನು: ಬಣ್ಣ ಹೋದ ಪ್ಲಾಸ್ಟಿಕ್ ಹಡಗು, ವಿಡಿಯೋ ಕ್ಯಾಸೆಟ್ಟು, ಬಿಲ್ಲೆ, ತಗಡಿನ ಕಂಪಾಸ್ ಪೆಟ್ಟಿಗೆ. ಆಯಿ ಒಂದೊಂದನ್ನೂ ಪೇಟೆಯಲ್ಲಿ ಮೀನು ನೋಡುವಂತೆ ಬಗ್ಗಿ ನೋಡುತ್ತಿದ್ದಳು. ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, "ಇದು ನಿನ್ನ ಪಟ್ಟಿಯಲ್ದಾ?" ಎಂದಳು.

ಪಟ್ಟಿ ಅಂದರೆ ನೋಟುಬುಕ್ಕು. ನಾನು ನೋಡಿದೆ. ರಟ್ಟಿನ ಮೇಲೆ ಹೊಸ ಹೊದಿಕೆ ಹಾಕಿದ್ದರು. ನಡುವಿನ ಪುಟ ತೆರೆದಿಟ್ಟಿದ್ದರು, ಅಲ್ಲಿ ನನ್ನ ಅಕ್ಷರ ಇತ್ತು. 'ಳ'ದ ಬಾಲವನ್ನು ಗಾಳದ ಹಾಗೆ ಎಳೆಯುತ್ತಿದ್ದೆ ನಾನು, ಈಗಲೂ ಎಳೆಯುತ್ತೇನೆ. ಅಕ್ಷರ ಬಾರದ ಆಯಿಗೆ ಅದು ಚಿತ್ರದ ಹಾಗೆ ಗುರುತು ಸಿಕ್ಕಿತ್ತು. ಪೆಟ್ಟಿಗೆಯ ಕೆಳಗೆ ಒಂದು ಚೀಟಿ. ಟಪಾಲು ನೌಕೆಯ ಕನ್ನಡ ಕತೆಗಳು, ಬರೆದವರು ಇಂಥವರು, ಹದಿನಾಲ್ಕನೇ ವಯಸ್ಸಿನಲ್ಲಿ ಎಂದಿತ್ತು. ಹೆಸರು ಗೆಳತಿಯದು.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಅಯ್ಯೋ, ಸುಟ್ಟಿಲ್ಲ, ಇದೆ. ಚೀಟಿಯಲ್ಲಿನ ಹೆಸರು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳನ್ನು ವೇದಿಕೆಗೆ ಕರೆದರು.

ನಾವು ಹಿಂದಿನ ಸಾಲಿನಲ್ಲಿ ಕೂತೆವು. ಅವಳು ಚೆನ್ನಾಗಿ ಮಾತಾಡಿದಳು. ಟೀವಿಯಲ್ಲಿ ಕತೆ ನಿಂತ ದಿನ ಅತ್ತದ್ದು ಹೇಳಿದಳು, ಅದು ನಿಜವೇ. ಆಮೇಲೆ ತಾನೇ ಮುಂದಿನ ಕತೆ ಬರೆಯಲು ಕೂತೆ ಅಂದಳು. ಒಂದು ಪುಟ ಓದಿದಳು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ನಾನು ನಗಿಸಬೇಕೆಂದು ಬರೆದ ಜಾಗದಲ್ಲೇ ನಕ್ಕರು. ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ನನ್ನ ಮಾತಿಗೆ ಇನ್ನೂರು ಜನ ನಗುವುದನ್ನು ಮುಖ ಬಿಗಿದುಕೊಂಡು ಕೇಳಿದೆ.

ಸಭೆಯಲ್ಲಿ ಯಾರೋ ಕೇಳಿದರು, ಆ ಮೀನುಗಾರ್ತಿಯ ಪಾತ್ರ ಎಲ್ಲಿಂದ ಬಂತು?

"ನಮ್ಮನೆ ಬಾಗಿಲಿಗೆ ಮೀನು ತರ್ತಿದ್ದ ಒಬ್ಬ ಹೆಂಗಸು" ಎಂದಳು ಗೆಳತಿ. "ಪಾಪದ ಹೆಂಗಸು. ಅಮ್ಮ ಅವಳಿಗೆ ಹಳೇ ಸೀರೆ ಕೊಡ್ತಿದ್ರು. ಅವಳು ಮಾತಾಡೋದು ಕೇಳಿ ಕೇಳಿ ಬರೆದೆ."

ನಾನು ಆಯಿಯ ಕಡೆ ತಿರುಗಲಿಲ್ಲ. ಆಯಿ ತಾನೇ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅದು ಬೇರೆ ಯಾರೋ ಮಗಾ. ನಾ ಯಾರ ಬಾಗಿಲಿಗೂ ಹೋಗಿ ಮಾರಿದವಳಲ್ಲ. ಪೇಟೇಲಿ ನನ್ನ ಜಾಗ ಇತ್ತು. ಬೇಕಾದವ್ರು ಅಲ್ಲಿಗೇ ಬರ್ತಿದ್ರು."

ಅವಳ ದನಿಯಲ್ಲಿ ನೋವಿರಲಿಲ್ಲ. ತಪ್ಪು ತಿದ್ದುವವಳ ದನಿ ಅದು.

ಊಟದ ಬಿಡುವಿನಲ್ಲಿ ಆಯಿಯನ್ನು ಕೂರಿಸಿ ಗೆಳತಿಯ ಹತ್ತಿರ ಹೋದೆ. ಜಗಲಿಯಲ್ಲಿ ಯಾರದ್ದೋ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡವಳು ನಗು ಹಾಗೇ ಇಟ್ಟುಕೊಂಡು, ಫೋಟೋ ಮುಗಿಯುವ ತನಕ ಕಾದು, ನನ್ನ ಕೈ ಹಿಡಿದು ಮೂಲೆಗೆ ಕರೆದೊಯ್ದಳು.

"ಹೇಳದೇ ಬಂದ್ಯಲ್ಲೇ."

"ಗೆದ್ದಲು ತಿಂದ ಪುಸ್ತಕ ನೋಡೂಕೆ ಬಂದೆ."

ಅವಳು ನನ್ನ ಕೈ ಬಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ಹುಬ್ಬಳ್ಳೀಲಿ ನನ್ನ ಯಾರೂ ಮಾತಾಡಿಸ್ತಿರ್ಲಿಲ್ಲ. ನನ್ನ ಕನ್ನಡ ಕೇಳಿ ನಗ್ತಿದ್ರು. ಒಂದಿನ ಕಾಲೇಜಿಗೆ ಈ ಪುಸ್ತಕ ತಗೊಂಡು ಹೋದೆ. ಯಾರು ಬರೆದದ್ದು ಅಂತ ಕೇಳಿದ್ರು. ನಾನೇ ಅಂದೆ. ಅವತ್ತಿಂದ ಎಲ್ಲ ನನ್ನ ಸುತ್ತ ಕೂತ್ಕೊಳ್ಳೂಕೆ ಶುರು ಮಾಡಿದ್ರು. ಅದೇ ತಿಂಗಳು ನಿನ್ನ ಕಾಗದ ಬಂತು. ಹ್ಯಾಂಗೆ ವಾಪಸ್ ಕೊಡ್ಲಿ ಹೇಳು?"

"ಆಗ ಕೊಡ್ಲಿಲ್ಲ ಸರಿ. ಈ ಎಂಟು ತಿಂಗಳು? ದಿನಾ ಮಾತಾಡಿದ್ದೀವಿ."

"ಹೇಳ್ವ ಅಂತ್ಲೇ ಇದ್ದೆ. ಇಷ್ಟು ವರ್ಷ ಹೇಳ್ತಾ ಹೇಳ್ತಾ ನಾನೇ ಬರೆದಿದ್ದು ಅಂತ ನಂಗೇ ಅನ್ನಿಸಿಬಿಟ್ಟಿದೆ. ನಿಂಗೆ ಅರ್ಥ ಆಗೂದಿಲ್ಲ."

"ಮತ್ತೆ ನಮ್ಮ ಆಯಿ? ನಿಮ್ಮಮ್ಮ ಅವಳಿಗೆ ಯಾವಾಗ ಸೀರೆ ಕೊಟ್ಟಿದ್ರು?"

ಅವಳ ಮುಖ ಕೆಂಪಾಯಿತು. ಆಗ ಅವಳಿಗೂ ಸಿಟ್ಟು ಬಂತು. "ಟೀವಿ ನಮ್ಮನೇದಲ್ಲವಾ? ನಮ್ಮನೇಲಿ ಕೂತು ನೋಡಿದ್ದಕ್ಕೇ ಅಲ್ದಾ ನೀ ಬರೆದದ್ದು? ಟೀವಿ ಇಲ್ದಿದ್ರೆ ಎಲ್ಲಿ ಇರ್ತಿತ್ತು ನಿನ್ನ ಕತೆ?"

ಅದು ಖರೆ. ಅವಳ ಮನೆಯ ಟೀವಿ ಇಲ್ಲದಿದ್ದರೆ ಆ ಹಡಗನ್ನು ನಾನು ಕಾಣುತ್ತಿರಲಿಲ್ಲ. ಆದರೆ ಇಷ್ಟು ವರ್ಷ ನಾನು ಅದನ್ನು ಅವಳು ಪ್ರೀತಿಯಿಂದ ಕೊಟ್ಟದ್ದು ಅಂದುಕೊಂಡಿದ್ದೆ. ಅವಳು ಮನಸ್ಸಿನಲ್ಲಿ ಅದಕ್ಕೊಂದು ಬಾಡಿಗೆ ಹಾಕಿಟ್ಟಿದ್ದಳು ಎಂದು ಆ ಜಗಲಿಯಲ್ಲಿ ನಿಂತಾಗಷ್ಟೇ ಗೊತ್ತಾಯಿತು. ಪುಸ್ತಕ ಕಳಕೊಂಡದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ನೋಟುಬುಕ್ಕು ವಾಪಸ್ ಕೊಡು ಎಂದೆ. ಬೇರೆ ಊರಿನ ಪ್ರದರ್ಶನಕ್ಕೂ ಒಪ್ಪಿಕೊಂಡಿದ್ದೇನೆ, ಈಗ ಹಿಂದೆ ತೆಗೆದರೆ ಮಾನ ಹೋಗುತ್ತದೆ ಎಂದಳು. ಝೆರಾಕ್ಸ್ ಮಾಡಿಸಿ ಕಳಿಸುತ್ತೇನೆ, ಮುಂದಿನ ವಿಡಿಯೋದಲ್ಲಿ ನಿನ್ನ ಹೆಸರು ಹೇಳುತ್ತೇನೆ ಎಂದಳು. ನಾನು ವೇದಿಕೆಗೆ ಹೋಗಿ ಗಲಾಟೆ ಮಾಡಬಹುದಿತ್ತು. ನಲವತ್ತು ಮಕ್ಕಳ ತರಗತಿಯನ್ನು ಒಂದು ದನಿಗೆ ಸುಮ್ಮನಿರಿಸುವವಳು ನಾನು. ಆದರೆ ಒಳಗೆ ಆಯಿ ಕೂತಿದ್ದಳು. ನಾನು ಬಾಯಿ ಬಿಟ್ಟರೆ ಆ ಹಳೇ ಸೀರೆಯ ಹೆಂಗಸು ಇವಳೇ ಎಂದು ಇನ್ನೂರು ಜನ ತಿರುಗಿ ನೋಡುತ್ತಿದ್ದರು. ಆಯಿಯನ್ನು ಎಬ್ಬಿಸಿಕೊಂಡು ಹಣಕೋಣದ ಬಸ್ಸು ಹತ್ತಿದೆ. ಕಾರ್ಡುಗಳನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಬಸ್ಸಿನಲ್ಲಿ ಆಯಿ ಕೇಳಿದಳು. "ಅದು ನಿನ್ನ ಪಟ್ಟಿಯೇ ಹೌದಲ್ಲ?"

"ಹೌದು."

"ಅವಳ್ದು ಅಂತ ಹೇಳ್ಕಂಡ್ಳು?"

"ಹೌದು."

"ಅವಳ ಮನೇಲಿ ಇಟ್ಟವಳು ನೀನೇ ಅಲ್ದಾ" ಎಂದಳು ಆಯಿ. ಬೈಗುಳವಲ್ಲ ಅದು. ಅವಳ ಲೆಕ್ಕದಲ್ಲಿ ಒಡೆಯ ಹತ್ತಿರ ಇಲ್ಲದ ದೋಣಿಯನ್ನು ಯಾರು ಬೇಕಾದರೂ ನೀರಿಗೆ ನೂಕುತ್ತಾರೆ.

ವಿಡಿಯೋ ಬಂತು. ಕೊನೆಯ ಒಂದು ನಿಮಿಷದಲ್ಲಿ, ಬಾಲ್ಯದಲ್ಲಿ ಒಬ್ಬ ಗೆಳತಿಯೂ ಕತೆಗೆ ಸಹಾಯ ಮಾಡಿದ್ದಳು ಎಂದಳು. ಹೆಸರು ಹೇಳಲಿಲ್ಲ. ನಾನು ಕೆಳಗೆ ನಾಲ್ಕು ಸಾಲು ಬರೆದು ಅಳಿಸಿದೆ. ಅವಳ ಫೋನ್ ಎತ್ತುವುದನ್ನು ಬಿಟ್ಟೆ, ಗುಂಪಿನಿಂದಲೂ ಹೊರಬಂದೆ. ಟಪಾಲು ನೌಕೆಯ ಹೊಸ ಕಂತುಗಳನ್ನು ನೋಡಲು ಕೂತರೆ ಎರಡು ನಿಮಿಷಕ್ಕೆ ಅವಳ ನಗು ಕಿವಿಗೆ ಬರುತ್ತದೆ. ಅದನ್ನೂ ನಿಲ್ಲಿಸಿದೆ.

ಝೆರಾಕ್ಸ್ ಕೂಡ ಬಂತು, ಪಾರ್ಸೆಲ್ಲಿನಲ್ಲಿ, ಚೀಟಿಯಿಲ್ಲದೆ. ಆಯಿಗೆ ತಿಳಿದು, "ಓದಿ ಹೇಳು, ಆಗ ಹೇಳ್ಲೇ ಇಲ್ಲ" ಎಂದಳು. ಮುಂದಿನ ಭಾನುವಾರ ಬೆಳಂಬಾರಕ್ಕೆ ಹೋದೆ. ಮಧ್ಯಾಹ್ನ ಊಟವಾಗಿತ್ತು. ಆಯಿ ಅಂಗಳದಲ್ಲಿ ಒಣಮೀನು ತಿರುವಿ ಹಾಕಿ ಬಂದು ಗೋಡೆಗೊರಗಿ ಕೂತಳು. ನಾನು ಒಂಬತ್ತನೆಯ ಕತೆ ತೆಗೆದೆ. ಮೀನುಗಾರ್ತಿ ಮೊದಲ ಸಲ ಹಡಗು ಹತ್ತುವುದು ಅದರಲ್ಲೇ.

ನಾಲ್ಕು ಸಾಲು ಓದುವಷ್ಟರಲ್ಲಿ ನಾಲಿಗೆ ನಿಂತಿತು. ಮುಂದೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: ಅವಳು ಮನೆಮನೆಯ ಬಾಗಿಲಿಗೆ ಹೋಗಿ ಮೀನು ಬೇಕಾ ಎಂದು ಕೂಗುವವಳು. ಅವಳು ಒಳಗೆ ಬಂದ ಕೂಡಲೇ ಏಳೂ ಜನ ಮೂಗು ಮುಚ್ಚಿಕೊಂಡರು. ಕ್ಯಾಪ್ಟನ್ ಅವಳನ್ನು ಬಾಗಿಲ ಹತ್ತಿರ ಕೂರಿಸಿದನು. ಎರಡು ಪುಟದ ತುಂಬ ಅದೇ ನಗೆಚಾಟಿಕೆ. ಅವಳ ಮಾತನ್ನು ಅಣಕಿಸಿದ್ದೆ, ಅವಳ ಸೀರೆಯನ್ನು ಅಣಕಿಸಿದ್ದೆ. ಗಾಳಿ ಓದುವ ಹೆಂಗಸು ಬರುವುದು ಎಷ್ಟೋ ಕತೆಗಳ ಮೇಲೆ. ನನ್ನ ನೆನಪು ಅವಳೊಬ್ಬಳನ್ನೇ ಇಟ್ಟುಕೊಂಡು ಇವಳನ್ನು ಹೊರಗೆ ಹಾಕಿತ್ತು.

ಗೆಳತಿಯನ್ನು ನಗಿಸಲು ಬರೆದದ್ದಿರಬೇಕು. ಗೇರುಮರದ ಕೆಳಗೆ ಅವಳು ನಕ್ಕಿರಬೇಕು, ನಾನೂ ನಕ್ಕಿರಬೇಕು. ಹಳೇ ಸೀರೆ ಕೊಟ್ಟ ಮಾತನ್ನು ಅವಳು ತಾನಾಗಿ ಸೇರಿಸಿದಳು, ಅದಕ್ಕೆ ಕ್ಷಮೆಯಿಲ್ಲ. ಆದರೆ ಬಾಗಿಲು, ಕೂಗು ನಾನು ಕೊಟ್ಟವು. ಅವಳ ಮೇಲಿನ ಸಿಟ್ಟು ಇದರಿಂದ ಕಮ್ಮಿಯಾಗಲಿಲ್ಲ. ಅದನ್ನು ಹೊತ್ತುಕೊಂಡು ನಿಲ್ಲಲು ಮಾತ್ರ ಮೊದಲಿನ ಹಾಗೆ ನೆಲ ಗಟ್ಟಿಯಿಲ್ಲ.

"ಯಾಕೆ ನಿಲ್ಸಿದೆ?" ಎಂದಳು ಆಯಿ.

"ಝೆರಾಕ್ಸಲ್ಲಿ ಅಕ್ಷರ ಸರಿ ಬಿದ್ದಿಲ್ಲ" ಎಂದೆ. ಪುಟ ಮಗುಚಿ ಇಪ್ಪತ್ತೆರಡನೆಯ ಕತೆ ಓದಿದೆ. ಅದರಲ್ಲಿ ಕ್ಯಾಪ್ಟನ್ ದಾರಿ ತಪ್ಪುತ್ತಾನೆ, ಮೀನುಗಾರ್ತಿ ಬಡಗಣ ಗಾಳಿ ಹಿಡಿದು ಹಡಗನ್ನು ಉಳಿಸುತ್ತಾಳೆ. ಆಯಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, "ಬಡಗಣ ಗಾಳೀಲಿ ಹಾಂಗೆ ತಿರುಗಿಸೂದಲ್ಲ, ನಿನ್ನ ಅಪ್ಪನ್ನ ಕೇಳಬೇಕಾಗಿತ್ತು" ಎಂದಳು. ಖುಷಿಯಾಗಿದ್ದಳು.

ಈಗ ಭಾನುವಾರಕ್ಕೊಂದು ಕತೆ ಓದುತ್ತೇನೆ, ಆರಿಸಿ ಆರಿಸಿ. ಬೇರೆ ಪ್ರತಿ ಕಳಿಸು ಅಂತ ಆ ಗೆಳತಿಗೆ ಹೇಳು, ಅಕ್ಷರ ಬೀಳದ ಪುಟಗಳದ್ದು ಎಂದು ಆಯಿ ಎರಡು ಸಲ ನೆನಪಿಸಿದ್ದಾಳೆ. ಹೇಳುತ್ತೇನೆ ಎಂದಿದ್ದೇನೆ.